ವಾರಿಜಾ ಆಂಟಿಯ ಕೇರಂ ಮೇಜು

ನಮ್ಮ ಮನೆಗಳಲ್ಲಿ ಚಪ್ಪಟೆಯಾಗಿರುವ ಯಾವುದನ್ನೂ ಜನ ಖಾಲಿ ಬಿಡುವುದಿಲ್ಲ. ಬನಶಂಕರಿ ಎರಡನೇ ಹಂತದಲ್ಲಿ ಮಹಡಿ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದಾಗ, ಕೆಳಗಿನ ಮನೆಯ ವಾರಿಜಾ ಆಂಟಿಯ ಪಾಡು ನೋಡಿ ನಾನು ಇದನ್ನು ಕಲಿತೆ. ಬಾಗಲಕೋಟೆಯಿಂದ ಬಂದು ಬಿಟಿಎಂನ ಕೊರಿಯರ್ ಆಫೀಸೊಂದರಲ್ಲಿ ಕೆಲಸಕ್ಕಿದ್ದ ನನ್ನನ್ನು ಅವರು ಮೊದಲ ದಿನ ಕೇಳಿದ್ದು ಊರನ್ನಲ್ಲ, ಜಾತಿಯನ್ನಂತೂ ಅಲ್ಲವೇ ಅಲ್ಲ.

"ಕೇರಂ ಆಡೋಕೆ ಬರತ್ತೇನಮ್ಮ, ಭಾಗ್ಯಜ್ಯೋತಿ?"

"ಸುಮಾರಾಗಿ ಬರ್ತದ್ರೀ," ಎಂದೆ. ಅಷ್ಟಕ್ಕೇ ಕೋಣೆ ನನ್ನದಾಯಿತು.

ವಿಲ್ಸನ್ ಗಾರ್ಡನ್ನಿನ ತವರುಮನೆಯಲ್ಲಿ ಅವರು ಅಣ್ಣಂದಿರನ್ನೆಲ್ಲ ಕೂರಿಸಿಕೊಂಡು ಸೋಲಿಸುತ್ತಿದ್ದರಂತೆ. ಮದುವೆಯಾಗಿ ಹೊರಟಾಗ ಮರದ ಬೀರು, ಹೊಲಿಗೆ ಮಷೀನು, ಬೆಳ್ಳಿ ದೀಪ ಎಲ್ಲ ಜೊತೆಗೆ ಬಂದವು. ಕೇರಂ ಬೋರ್ಡು ಮಾತ್ರ ಸೋತವರ ಹತ್ತಿರವೇ ಉಳಿಯಿತು. ಆಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕಂಡವರ ಟ್ರಂಕ್ ಕಾಲ್ ಜೋಡಿಸಿದ್ದಾಯಿತು, ಮಕ್ಕಳನ್ನು ಓದಿಸಿದ್ದಾಯಿತು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡಿದ್ದಾಯಿತು. ಎಲ್ಲರ ಮನೆಗೂ ಎಸ್‌ಟಿಡಿ ಬಂದು ಆಪರೇಟರಿಗೆ ಕೆಲಸವಿಲ್ಲದಂತಾದಾಗ ಆಂಟಿ ಸ್ವಯಂನಿವೃತ್ತಿ ತೆಗೆದುಕೊಂಡರು. ಗಂಡ ಜಯಸಿಂಹ ಅಂಕಲ್ ಹತ್ತಿರ ಒಂದು ಕೇರಂ ಬೋರ್ಡು ತನ್ನಿ ಎಂದರು.

"ಈ ವಯಸ್ಸಲ್ಲಿ ಕೇರಂ ಬೋರ್ಡಾ? ಮೊಮ್ಮಕ್ಕಳಾಗ್ಲಿ ತಾಳು, ತರೋಣ," ಎಂದು ಅಂಕಲ್ ನಕ್ಕರಂತೆ.

ಅಂಕಲ್ ಕೆಟ್ಟವರಲ್ಲ. ಆದರೆ ಆ ನಗುವಿನ ಸುದ್ದಿ ಕೇಳಿಯೇ ನನಗೆ ಮೈ ಉರಿಯಿತು. ಎದುರಿಗೆ ನಿಂತು ಕೇಳಿಸಿಕೊಂಡವರಿಗೆ ಹೇಗಾಗಿರಬೇಡ! ಆಂಟಿ ಇನ್ನೊಮ್ಮೆ ಕೇಳಲಿಲ್ಲ, ತಾವೇ ಮಾಡಿಕೊಳ್ಳಲು ಹೊರಟರು. ಮಂಡಿನೋವಿನಿಂದ ನೆಲದ ಮೇಲೆ ಕೂರಲಾಗದ್ದರಿಂದ ಬೋರ್ಡಿಗೆ ಕಾಲುಗಳೂ ಬೇಕಿದ್ದವು. ಎಲ್ಲವನ್ನೂ ಬಿಸಾಡಿದ ಸಾಮಾನಿನಿಂದಲೇ ಮಾಡಬೇಕೆಂಬ ಹಟ ಬೇರೆ. ಯಾರಿಗೂ ಬೇಡವಾದದ್ದರಿಂದ ಮಾಡಿದರೆ ನಾಳೆ ಯಾರೂ ತನ್ನದು ಎನ್ನುವ ಹಾಗಿಲ್ಲವಲ್ಲ ಎನ್ನುತ್ತಿದ್ದರು.

ಹೊಲಿಗೆ ಮಷೀನಿನ ಕಬ್ಬಿಣದ ಸ್ಟ್ಯಾಂಡು ಕಾಲಾಯಿತು. ಹುಳು ಹಿಡಿದ ಬೀರುವಿನ ಬೆನ್ನಿಗಿದ್ದ ಪ್ಲೈವುಡ್ ಒಂದೇ ಚೆನ್ನಾಗಿ ಉಳಿದಿತ್ತು, ಅದು ಹಲಗೆಯಾಯಿತು. ಎದುರುಮನೆ ಕೆಡವಿದಾಗ ಸಿಕ್ಕ ಕಿಟಕಿ ಚೌಕಟ್ಟನ್ನು ಕುಯ್ದು ಸುತ್ತ ಅಂಚು ಕಟ್ಟಿದರು. ಮೂಲೆಗಳ ತೂತಿಗೆ ಈರುಳ್ಳಿ ಚೀಲದ ಬಲೆ. ಭಾನುವಾರಗಳಂದು ಹಲಗೆ ಹಿಡಿದುಕೊಳ್ಳುವ ಕೆಲಸ ನನ್ನದು. ಗರಗಸ ಒಂದು ಕಡೆ ಹೋದರೆ ಗೆರೆ ಇನ್ನೊಂದು ಕಡೆ ಹೋಗುತ್ತಿತ್ತು, ಬೈಗುಳ ಮಾತ್ರ ನೇರವಾಗಿ ನನಗೇ ಬರುತ್ತಿತ್ತು. "ಗಟ್ಟಿಯಾಗಿ ಹಿಡ್ಕೊಳೇ! ಬೆಳಿಗ್ಗೆ ತಿಂಡಿ ತಿಂದಿಲ್ವಾ?"

ಅಂತೂ ಮೇಜು ಹಾಲಿನಲ್ಲಿ ನಿಂತಿತು. ಮಾರನೇ ದಿನವೇ ಇಸ್ತ್ರಿಯವನು ಬಟ್ಟೆಯ ಗಂಟನ್ನು ಅದರ ಮೇಲಿಟ್ಟು ಹೋದ. ಗಂಟು ತೆಗೆದರೆ ಅಂಕಲ್ ಪೇಪರ್ ಹರಡಿದರು. ಪೇಪರ್ ಮಡಿಸಿಟ್ಟರೆ ಪಕ್ಕದ ಮನೆಯವರು ಹಪ್ಪಳದ ತಟ್ಟೆ ಹೊತ್ತುಕೊಂಡು ಬಂದರು. ನಾವು ಆಡಲು ಕೂತರೂ ಅಷ್ಟೇ, ಅರ್ಧ ಆಟಕ್ಕೆ ಯಾರಾದರೂ ಏನಾದರೂ ಹಿಡಿದುಕೊಂಡು ಬಂದು ತಲೆಯ ಮೇಲೆ ನಿಲ್ಲುವರು.

"ಗೆಲ್ಲೋದೂ ಬೇಡ ಕಣೇ," ಎಂದರು ಆಂಟಿ ಒಮ್ಮೆ, ಕಾಯಿಗಳನ್ನು ಡಬ್ಬಿಗೆ ಸುರಿಯುತ್ತ. "ಮೊದಲಿಂದ ಕೊನೆವರೆಗೂ ಒಂದಾಟ. ಒಂದೇ ಒಂದು. ಅದೂ ಆಗಲ್ಲ ಅಂದ್ರೆ ಏನಿದು?"

ಆಮೇಲೆ ಗಣೇಶನ ಹಬ್ಬ ಬಂತು. "ಇದಕ್ಕಿಂತ ಒಳ್ಳೇ ಮಂಟಪ ಎಲ್ಲಿ ಸಿಗತ್ತೆ?" ಎಂದು ಅಂಕಲ್ ಗಣಪನನ್ನು ತಂದು ಮೇಜಿನ ನಡುವೆ ಕೂರಿಸಿಯೇಬಿಟ್ಟರು. ದೇವರನ್ನು ಏಳು ಎನ್ನಲಾದೀತೇ? ಆಂಟಿ ಹಲ್ಲು ಕಚ್ಚಿಕೊಂಡು ಮಂಗಳಾರತಿ ಹಾಡಿದರು. ವಿಸರ್ಜನೆಯಾಗುವ ಹೊತ್ತಿಗೆ ಒದ್ದೆ ಗರಿಕೆ, ತೆಂಗಿನಕಾಯಿ ನೀರು ಎಲ್ಲ ಕುಡಿದು ಹಲಗೆ ಉಬ್ಬಿಕೊಂಡಿತ್ತು. ಸ್ಟ್ರೈಕರ್ ಬಿಟ್ಟರೆ ಅದು ಉಬ್ಬು ಹತ್ತಲಾರದೆ ಪಕ್ಕಕ್ಕೆ ಹೊರಳುತ್ತಿತ್ತು. ಆಂಟಿ ಅತ್ತರು. ದುಃಖದ ಅಳುವಲ್ಲ ಅದು, ಸಿಟ್ಟಿನದು.

ಇನ್ನು ಕೈಬಿಟ್ಟರು ಅಂದುಕೊಂಡೆ. ಅವರು ನನ್ನನ್ನು ಕರೆದುಕೊಂಡು ಉತ್ತರಹಳ್ಳಿಯ ಗುಜರಿ ಅಂಗಡಿಗೆ ಹೋದರು. ಅಲ್ಲಿ ಯಾವುದೋ ಶಾಲೆಯವರು ಎಸೆದ ಟೇಬಲ್ ಟೆನಿಸ್ ಮೇಜಿನ ಅರ್ಧ ಭಾಗ ಗೋಡೆಗೊರಗಿತ್ತು. ಆಂಟಿ ಬಗ್ಗಿ, ಒಂದು ಕಣ್ಣು ಮುಚ್ಚಿ ಅದರ ಮಟ್ಟ ನೋಡಿದರು.

"ಯಾಕಕ್ಕ, ಮಂಚಕ್ಕಾ?" ಎಂದು ಕೇಳಿದ ಅಂಗಡಿಯ ಪಿಳ್ಳಣ್ಣ.

"ಕೇರಂಗೆ."

"ಮಕ್ಕಳು ಚಿಕ್ಕವ್ರಾ?"

"ನಾನೇ ಆಡೋದು. ಕುಯ್ದು ಕೊಡ್ತೀರೋ, ಇಲ್ಲೇ ನಿಂತು ಪ್ರಶ್ನೆ ಕೇಳ್ತೀರೋ?"

ಪಿಳ್ಳಣ್ಣ ತೆಪ್ಪಗೆ ಅಳತೆಗೆ ಕುಯ್ದು ಆಟೋಗೆ ಏರಿಸಿದ. ಅದರ ಹಸಿರು ಬಣ್ಣ ಕೆರೆದು ತೆಗೆಯುವಷ್ಟರಲ್ಲಿ ನಮ್ಮಿಬ್ಬರ ಬೆರಳ ತುದಿ ಸುಲಿದುಹೋಯಿತು. ಆಫೀಸಿನಲ್ಲಿ ನನ್ನ ತಲೆಗೂದಲಿನಿಂದ ಹಸಿರು ಪುಡಿ ಉದುರುತ್ತಿತ್ತು.

ಸಂಕ್ರಾಂತಿ ಕಳೆದ ಒಂದು ಭಾನುವಾರ ಬೆಳಿಗ್ಗೆ, ಅಂಕಲ್ ತಿಂಡಿ ಕಟ್ಟಿಸಿಕೊಂಡು ಬರಲು ದರ್ಶಿನಿಗೆ ಹೋಗಿದ್ದಾಗ ಆಡಲು ಕೂತೆವು. ಬಾಗಿಲು ತಟ್ಟುವವರಿಲ್ಲ, ಫೋನಿಲ್ಲ. ಆಟ ಕೊನೆಗೆ ಬಂತು. ಆಂಟಿಯದು ಎರಡು ಬಿಳಿ ಕಾಯಿ ಉಳಿದಿತ್ತು, ನನ್ನದು ಎರಡು ಕಪ್ಪು. ಅವರು ಕೆಂಪು ಕಾಯಿಯನ್ನು ತೂತಿಗಿಳಿಸಿದರು. ಅದು ದಕ್ಕಬೇಕಾದರೆ ಮುಂದಿನ ಹೊಡೆತಕ್ಕೆ ಒಂದು ಬಿಳಿ ಬೀಳಲೇಬೇಕು. ಆಂಟಿ ಉಸಿರು ಹಿಡಿದು ಸ್ಟ್ರೈಕರ್ ಜರುಗಿಸುತ್ತಿದ್ದರು.

ಆಗ ಗೇಟು ಕಿರ್ರೆಂದಿತು. ಅಂಕಲ್ ಜೊತೆಗೆ ಅವರ ಆಫೀಸಿನ ದಂಪತಿ, ಮಗಳ ಮದುವೆಗೆ ಕರೆಯಲು ಬಂದವರು. "ಬನ್ನಿ ಬನ್ನಿ, ಕೂತ್ಕೊಳ್ಳಿ," ಎನ್ನುತ್ತಲೇ ಅಂಕಲ್ ಮೊಣಕೈಯಿಂದ ಕಾಯಿಗಳನ್ನೆಲ್ಲ ಒಂದು ಮೂಲೆಗೆ ತಳ್ಳಿ ಇಡ್ಲಿ, ಸಾಂಬಾರಿನ ಪೊಟ್ಟಣಗಳನ್ನು ಮೇಜಿನ ಮೇಲಿಟ್ಟರು.

"ತೆಗೀರಿ," ಎಂದರು ಆಂಟಿ.

"ಏನನ್ನ?"

"ಸಾಂಬಾರ್ ತೆಗೀರಿ ಅಲ್ಲಿಂದ."

"ಆಮೇಲೆ ಆಡ್ಕೊಳೆ, ಬೋರ್ಡೇನು ಓಡಿಹೋಗತ್ತಾ?"

"ಮದುವೆ ಆದಾಗಿಂದ ಎಲ್ಲಾನೂ ಆಮೇಲೆ, ಆಮೇಲೆ ಅಂತಾನೇ ಇಟ್ಕೊಂಡಿದೀನಿ. ಇದು ಈಗ."

ಧ್ವನಿ ಏರಿಸಲಿಲ್ಲ ಅವರು. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಅಂಕಲ್ ಪೊಟ್ಟಣ ಎತ್ತಿಕೊಂಡರು. ಆಂಟಿ ಸೆರಗಿನಿಂದ ಹಲಗೆ ಒರೆಸಿ, ಪೌಡರ್ ಉದುರಿಸಿ, ಕಾಯಿಗಳನ್ನು ಮೊದಲಿದ್ದ ಜಾಗಕ್ಕೆ ಇಟ್ಟರು. ಮತ್ತೆ ಉಸಿರು ಹಿಡಿದು ಹೊಡೆದರು. ಬಿಳಿ ಕಾಯಿ ತೂತಿನ ತುಟಿಗೆ ತಾಗಿ ಅಲ್ಲೇ ನಿಂತಿತು.

ಕೆಂಪು ಕಾಯಿ ನಡುವಿಗೆ ವಾಪಸ್ಸು ಬಂತು. ನನ್ನ ಸರದಿ. ಬೇಕೆಂದೇ ತಪ್ಪಿಸಿಬಿಡೋಣ ಅನ್ನಿಸಿತು. ಅದು ಅವರಿಗೆ ಗೊತ್ತಾಯಿತು.

"ಬಿಟ್ಟುಕೊಟ್ರೆ ನೋಡು," ಎಂದರು.

ಸರಿಯಾಗಿಯೇ ಆಡಿದೆ. ಮೊದಲು ಒಂದು ಕಪ್ಪು ಹೋಯಿತು, ನಂತರ ಕೆಂಪು, ಅದರ ಹಿಂದೆಯೇ ಕೊನೆಯ ಕಪ್ಪು. ಆಟ ಮುಗಿಯಿತು.

ಆಂಟಿ ತಮ್ಮ ತೋರುಬೆರಳಿಗೆ ತಾವೇ ಪಟ್ಟೆಂದು ಹೊಡೆದುಕೊಂಡರು. "ಥೂ! ಕಣ್ಣು ಮುಚ್ಕೊಂಡು ಹೊಡೆದ್ರೂ ಬೀಳೋ ಕಾಯಿ! ಇಷ್ಟು ಮೆಲ್ಲಗೆ ಯಾರಾದ್ರೂ ಹೊಡೀತಾರಾ?" ಅವರ ಮುಖ ಕೆಂಪಾಗಿತ್ತು. ಅಷ್ಟು ದಿನಗಳಲ್ಲಿ ಅವರು ಆಟಕ್ಕಾಗಿಯೇ ಸಿಟ್ಟಾದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಮುಗೀತಲ್ಲ? ಈಗ ಇಡ್ಲಾ?" ಎಂದು ಅಂಕಲ್ ಮೆಲ್ಲಗೆ ಕೇಳಿದರು.

"ಇಡಬೇಡಿ," ಎಂದರು ಆಂಟಿ, ಅವರ ಕಡೆ ತಿರುಗದೆಯೇ. "ಭಾಗ್ಯಾ, ಕಾಯಿ ಜೋಡಿಸು."