ಎದೆಗೆ ಕಿವಿ ಹಚ್ಚಿದ ಮೆಕ್ಯಾನಿಕ್

ತಿಕೋಟಾದ ನಮ್ಮ ತೋಟಕ್ಕೆ ಬರುತ್ತಿದ್ದ ಬೋರ್‌ವೆಲ್ ಮೆಕ್ಯಾನಿಕ್ ಮೊದಲು ಪೈಪಿಗೆ ಕಿವಿ ಹಚ್ಚುತ್ತಿದ್ದ. ಕಿವಿಯ ತುಂಬ ಗ್ರೀಸ್. ಏನೇ ಕೇಳಿದರೂ ಒಂದೇ ಮಾತು: “ಕರೆಂಟ್ ಬ್ಯಾರೆ, ಪಂಪ್ ಬ್ಯಾರೆ ರೀ.”

ಒಮ್ಮೆ ವಿಜಯಪುರದಲ್ಲಿ ಮಾಡಿಸಿದ ಇಸಿಜಿ ನನ್ನ ಹೃದಯ ಸರಿಯಿಲ್ಲವೆಂದಿತು, ಎಕೋ ಸ್ಕ್ಯಾನ್ ಸರಿಯಿದೆ ಎಂದಿತು. ಡಾಕ್ಟರು ಸಿಗುವುದು ಮರುದಿನ. ಅಷ್ಟರೊಳಗೆ ನಾನು ನನ್ನ ನಾಡಿ ಹಿಡಿದುಕೊಂಡೇ ಅರ್ಧ ಸತ್ತಿದ್ದೆ. ಅಂದು ಸಂಜೆ ತೋಟಕ್ಕೆ ಬಂದ ಮೆಕ್ಯಾನಿಕ್‌ಗೆ ಎರಡೂ ಕಾಗದ ತೋರಿಸಿ, “ಯಾವ್ದು ಖರೇನಪಾ?” ಎಂದೆ.

“ಎರಡೂ ಖರೇ ಸಾಹೇಬ್ರ. ಇದು ಕರೆಂಟ್ ನೋಡೇತಿ, ಅದು ಪಂಪ್ ನೋಡೇತಿ. ಡಾಕ್ಟರ್ ಎರಡೂ ಕೂಡಿಸಿ ನೋಡ್ಲಿ,” ಎಂದವನೇ ನನ್ನ ಎದೆಗೆ ಕಿವಿ ಹಚ್ಚಿದ. ಆಮೇಲೆ ನಾಡಿಯ ಮೇಲಿದ್ದ ನನ್ನ ಕೈ ಬಿಡಿಸಿದ. “ಮೋಟರ್ ಛಲೋ ಐತ್ರಿ. ಮಾಲಕ ಸ್ವಿಚ್ ಬಿಡವಲ್ಲ!”

ಮರುದಿನ ಡಾಕ್ಟರೂ ಎರಡನ್ನೂ ಕೂಡಿಸಿ ನೋಡಿ, ಹೃದಯ ಗಟ್ಟಿಯಿದೆ, ಗಾಬರಿಯೇ ಜಾಸ್ತಿ ಎಂದರು. ಧೈರ್ಯಕ್ಕೆಂದು ನಾನು ಹಾಕಿಕೊಂಡು ಹೋಗಿದ್ದ ಹಿಂದಿನ ದಿನದ ಅದೇ ಅಂಗಿಯ ಮೇಲೆ ಕಿವಿಯಾಕಾರದ ಗ್ರೀಸ್ ಕಲೆಯಿತ್ತು. ಡಾಕ್ಟರು ಸ್ಟೆತಸ್ಕೋಪ್ ಇಟ್ಟಿದ್ದೂ ಸರಿಯಾಗಿ ಅದರ ಮೇಲೆಯೇ.