ಜುಗೂಳದ ಸಭೆಯ ಐದನೆಯ ಪ್ರಶ್ನೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸಭೆ ನಡೆದದ್ದು ಶಾಲೆಯ ಪಡಸಾಲೆಯಲ್ಲೋ ಪಂಚಾಯಿತಿ ಕಟ್ಟೆಯ ಮುಂದೋ ಎಂಬುದೇ ಈಗ ನನಗೆ ಖಚಿತವಿಲ್ಲ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಬರೆಯಬೇಕಾದದ್ದನ್ನು ಬಿಟ್ಟು, ಅವತ್ತು ಊಟಕ್ಕೆ ಏನಿತ್ತು ಎಂಬುದನ್ನು ಬರೆದಿಟ್ಟಿದ್ದೇನೆ. ದೆವ್ವ, ಶಕುನ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೆಳತಿಯರು ಇಂಥ ಕಥೆ ತೆಗೆದರೆ "ಸಾಕ್ಷಿ ಎಲ್ಲೈತಿ?" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನ ಹತ್ತಿರ ಸಾಕ್ಷಿ ಇದೆ. ಅದು ಏನನ್ನು ಸಾಬೀತು ಮಾಡುತ್ತದೆ ಎಂಬುದು ಮಾತ್ರ ತಿಳಿಯದು.

ಅದು 2011ರ ಬೇಸಿಗೆ. ನಾನು ಚಿಕ್ಕೋಡಿಯ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಎಮ್ಮೆ ಕಟ್ಟಿದ ಮನೆಗಳಿಗೆ ಗೋಬರ್ ಗ್ಯಾಸಿನ ಟಾಕಿ ಕಟ್ಟಿಸಿಕೊಡುವ ಯೋಜನೆ. ಟಾಕಿಗೆ ಹಣ ಹಾಕುತ್ತಿದ್ದುದು ಯುರೋಪಿನ ಒಂದು ಕಂಪನಿ. ಅದಕ್ಕೆ ನಮ್ಮ ಎಮ್ಮೆಗಳ ಮೇಲೇನೂ ಪ್ರೀತಿ ಇರಲಿಲ್ಲ. ನಮ್ಮ ಹೆಂಗಸರು ಕಟ್ಟಿಗೆ ಒಲೆ ಒಡೆದುಹಾಕಿದರೆ ಉಳಿತಾಯವಾಗುವ ಹೊಗೆಯನ್ನು ಅದು ಹತ್ತು ವರ್ಷ ತನ್ನ ಲೆಕ್ಕದಲ್ಲಿ ತೋರಿಸಬಹುದಿತ್ತು. ತೋರಿಸಿದಷ್ಟು ಹೊಗೆಯನ್ನು ತನ್ನ ಚಿಮಣಿಯಿಂದ ನಿಶ್ಚಿಂತೆಯಾಗಿ ಬಿಡಬಹುದಿತ್ತು. ಜಗತ್ತಿನ ದೇಶಗಳೆಲ್ಲ ಕೂತು ಒಪ್ಪಿದ ನಿಯಮ ಅದು. ಆಗ ನನಗೆ ಅದು ಅನ್ಯಾಯ ಎನಿಸಿರಲಿಲ್ಲ. ಜಾಣತನ ಎನಿಸಿತ್ತು.

ನಿಯಮದಲ್ಲಿ ಇನ್ನೊಂದು ಮಾತಿತ್ತು. ಊರವರ ಸಭೆ ಕರೆಯಬೇಕು, ಅವರ ಪ್ರಶ್ನೆಗಳನ್ನು ಹೆಸರು ಸಮೇತ ಬರೆಯಬೇಕು, ಕೊಟ್ಟ ಉತ್ತರದಿಂದ ಅವರಿಗೆ ಸಮಾಧಾನವಾಯಿತೇ ಎಂಬುದನ್ನೂ ಬರೆಯಬೇಕು. ನಮ್ಮ ಕಡೆ ಸಭೆಯ ಠರಾವು ಹೇಗೆ ಬರೆಯುತ್ತಾರೆಂದು ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಠರಾವು ಮೊದಲು, ಸಭೆ ಆಮೇಲೆ. ಪಂಚಾಯಿತಿಯಲ್ಲಿ ಹಾಗೇ, ಸೊಸೈಟಿಯಲ್ಲಿ ಹಾಗೇ. ಸಭೆಯ ಹಿಂದಿನ ದಿನ ನಾನೂ ಆಫೀಸಿನಲ್ಲಿ ಕೂತು ಐದು ಹೆಂಗಸರ ಐದು ಪ್ರಶ್ನೆ ಬರೆದೆ. ನಾಲ್ಕಕ್ಕೆ ಊರಲ್ಲಿದ್ದ ಹೆಸರುಗಳನ್ನೇ ಹಾಕಿದೆ. ಐದನೆಯದಕ್ಕೆ ಹೆಸರು ಹೊಳೆಯಲಿಲ್ಲ. 'ಗಂಗವ್ವ ಸತ್ಯಪ್ಪ ಹಣಬರ' ಎಂದು ಹುಟ್ಟಿಸಿದೆ. ಪ್ರಶ್ನೆ: "ಹೊಳೆ ನೀರು ಬಂದರೆ ಟಾಕಿ ಏನಾಗುತ್ತದೆ?" ಉತ್ತರ: "ಟಾಕಿ ಗಟ್ಟಿಮುಟ್ಟಾಗಿದೆ." ಕೆಳಗೆ: "ಪ್ರಶ್ನಿಸಿದವರಿಗೆ ಸಮಾಧಾನವಾಯಿತು." ಆ ದಿನದ ನನ್ನ ದಿನಚರಿಯಲ್ಲಿ 'ಠರಾವು ಮುಗಿಸಿದೆ' ಎಂದಷ್ಟೇ ಇದೆ. ಆದ್ದರಿಂದ ಠರಾವು ಸಭೆಗಿಂತ ಮೊದಲೇ ಬರೆದದ್ದೆಂಬುದರಲ್ಲಿ ಅನುಮಾನವಿಲ್ಲ.

ಕೃಷ್ಣೆಯ ದಂಡೆಯ ಜುಗೂಳವನ್ನೇ ಆರಿಸಿದ್ದಕ್ಕೆ ಕಾರಣ ನನ್ನ ಅತ್ತೆ ಶಾಂತವ್ವ, ಅಪ್ಪನ ತಂಗಿ. ನಾಲ್ಕು ಎಮ್ಮೆ, ಹೊಳೆಯಿಂದ ಕೂಗಳತೆಯಲ್ಲಿ ಮನೆ. ಆಕೆ ಒಪ್ಪಿ ಸಹಿ ಮಾಡಿದರೆ ಓಣಿ ಇಡೀ ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ಸಭೆಯ ದಿನ ಬೆಳಿಗ್ಗೆ ಚಹಾ ಕೊಡುತ್ತ ಅತ್ತೆ ಕೇಳಿದಳು: "ಟಾಕಿ ಕಟ್ಟಾಕ ಹಿತ್ತಲಾ ಅಗೀತಾರ, ಒಲಿನೂ ಒಡೀತಾರ. ನಾಳೆ ಟಾಕಿ ಕೆಟ್ಟರ ನಾ ಏನ್ ಉಣ್ಣಲಿ ಬೇ? ನಾ ಓದಿದಾಕಿ ಅಲ್ಲ. ನೀ ಹೂಂ ಅಂದ್ರ ಹೂಂ."

ನಾನು ಹೂಂ ಅಂದೆ.

ಸಭೆ ನಡೆಸಲು ಬಂದ ನಮ್ಮ ಸಂಸ್ಥೆಯ ಸಾಹೇಬರು ಪುಣೆಯವರು, ಕನ್ನಡ ಬಾರದು. ಅವರ ಮರಾಠಿಯನ್ನು ಕನ್ನಡಕ್ಕೆ, ಹೆಂಗಸರ ಕನ್ನಡವನ್ನು ಮರಾಠಿಗೆ ಹೇಳುವವಳು ನಾನು. ನಿಜವಾಗಿ ಅಲ್ಲಿ ಕೂತ ಹೆಂಗಸರಲ್ಲಿ ಮರಾಠಿ ತಿಳಿಯದವರು ಯಾರೂ ಇರಲಿಲ್ಲ, ಅರ್ಧ ಜನರ ತವರು ಹೊಳೆಯ ಆಚೆ ದಂಡೆಯ ಮರಾಠಿ ಊರುಗಳು. ಆದರೂ ಸಾಹೇಬರ ಎದುರು ತಿಳಿಯದವರ ಹಾಗೆ ಕೂರುವುದು ಒಂದು ಮರ್ಯಾದೆ. ಹೊಗೆ ಮಾರುವ ಮಾತು ಕೇಳಿ ಒಬ್ಬಳು, "ನನ್ನ ಗಂಡನ ಬೀಡಿ ಬಿಡಿಸ್ತೇನ್ರಿ, ಆ ಹೊಗಿನೂ ತಗೋತಾರೇನ್ರಿ ನಿಮ್ಮ ಕಂಪನಿಯವ್ರು?" ಎಂದಳು. ಎಲ್ಲರೂ ಬಿದ್ದುಬಿದ್ದು ನಕ್ಕರು. ಇನ್ನೊಬ್ಬಳು, "ಮೊದಲ ಅಂವಾ ಬಿಡಬೇಕಲಾ!" ಎಂದಳು.

ಆ ನಗೆ ನಿಲ್ಲುವಷ್ಟರಲ್ಲಿ ಅತ್ತೆಯ ಬಲಗಡೆ ಒಬ್ಬ ಹೆಂಗಸು ಎದ್ದು ನಿಂತಳು. ವಯಸ್ಸು ಐವತ್ತಿರಬಹುದು. ಹಸಿರು ಸೀರೆ ಅಂತ ನೆನಪು. ಇದನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು. ಆಕೆ ಕೇಳಿದಳು: "ಹೊಳಿ ನೀರು ಬಂದ್ರ ಟಾಕಿ ಏನಾಗತೈತಿ?"

ಈ ಪ್ರಶ್ನೆಯಲ್ಲಿ ವಿಶೇಷವಿಲ್ಲ. ಆರು ವರ್ಷದ ಹಿಂದೆ ಕೃಷ್ಣೆ ಉಕ್ಕಿದ್ದನ್ನು ನೋಡಿದ ಊರು ಅದು, ಯಾರಾದರೂ ಕೇಳಬಹುದಾದದ್ದೇ. ನಾನು ಅಭ್ಯಾಸಬಲದಿಂದ "ಹೆಸರು ಹೇಳ್ರಿ" ಎಂದೆ.

"ಗಂಗವ್ವ. ಗಂಗವ್ವ ಸತ್ಯಪ್ಪ ಹಣಬರ."

ಬರೆದಿಟ್ಟ ಕಾಗದ ನನ್ನ ಚೀಲದಲ್ಲಿತ್ತು. ಅದನ್ನು ಇನ್ನೂ ಯಾರಿಗೂ ತೋರಿಸಿರಲಿಲ್ಲ. ಕೈಕಾಲು ತಣ್ಣಗಾದವು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಬಂದದ್ದು ಸಿಟ್ಟು. ಯಾರೋ ನನ್ನ ಕಳ್ಳತನ ಹಿಡಿದರು ಎಂಬಂಥ ಸಿಟ್ಟು. ಸಾಹೇಬರು ಟಾಕಿ ಗಟ್ಟಿ ಎಂದರು, ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಆ ಹೆಂಗಸು ಕೂರಲಿಲ್ಲ. "ನನಗ ಸಮಾಧಾನ ಆಗಿಲ್ಲ. ಹಂಗ ಬರಕೋ," ಎಂದಳು.

"ಕಾಯ್ ಮ್ಹಣತೆ ತೀ?" ಏನಂತಾಳೆ ಆಕೆ, ಎಂದು ಸಾಹೇಬರು ನನ್ನತ್ತ ತಿರುಗಿದರು.

"ತಿಚಂ ಸಮಾಧಾನ ಝಾಲಂ, ಸರ್." ಆಕೆಗೆ ಸಮಾಧಾನವಾಯಿತು ಎಂದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ನನ್ನ ಮುಖ ನೋಡಿದಳು. ಆಮೇಲೆ ಸಹಿ ಶುರುವಾಯಿತು. ಅತ್ತೆ ಮೊದಲು ಹೆಬ್ಬೆಟ್ಟು ಒತ್ತಿದಳು, ಹಿಂದೆ ಓಣಿಯವರೆಲ್ಲ. ಸಾಲು ಮುಗಿದ ಮೇಲೆ ನೋಡಿದರೆ ಆ ಹೆಂಗಸು ಇರಲಿಲ್ಲ. ಯಾಕಿಷ್ಟು ಬೇಗ ಹೋದಳು ಎಂದು ವಿಚಾರಿಸಲೂ ನನಗೆ ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ, ಹೋದದ್ದೇ ಒಳ್ಳೆಯದಾಯಿತು ಎನಿಸಿತು.

ಎರಡು ವರ್ಷದ ಮೇಲೆ ಸಂಸ್ಥೆಯವರು ನನ್ನನ್ನು ಯುರೋಪಿನ ಒಂದು ಶಹರಿಗೆ, ಹವಾಮಾನದ ಜಾಗತಿಕ ಸಭೆಗೆ ಕರೆದುಕೊಂಡು ಹೋದರು. ನೂರಾರು ದೇಶದವರು. ಹಿಂದೆ ಕಲ್ಲಿದ್ದಲು, ಎಣ್ಣೆ ಸುಟ್ಟವರು ಯಾರು, ಇನ್ನು ಮುಂದೆ ಸುಡಬಾರದವರು ಯಾರು ಎಂಬ ಜಗಳ. ಶ್ರೀಮಂತ ದೇಶದವರು ಹಿಂದಿನದನ್ನು ಎತ್ತಬೇಡಿ ಎನ್ನುತ್ತಿದ್ದರು, ನಮ್ಮವರು ಬಡವರ ಹೆಸರು ಹೇಳಿ ತಮ್ಮ ಶ್ರೀಮಂತರನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದರು. ಒಂದು ಸಣ್ಣ ದ್ವೀಪದ ಪ್ರತಿನಿಧಿ ಎದ್ದು, ಸಮುದ್ರ ನಮ್ಮ ಸ್ಮಶಾನದೊಳಗೆ ಬಂದಿದೆ ಎಂದು ತನ್ನ ಭಾಷೆಯಲ್ಲಿ ಕೂಗುತ್ತ ಮೇಜು ಕುಟ್ಟಿದರು. ಸ್ಮಶಾನದ ಮಾತು ನನಗೆ ತಿಳಿದದ್ದು ಆಮೇಲೆ, ಅವರೊಂದಿಗೆ ಬಂದವರಿಂದ. ಆಗ ನನ್ನ ಕಿವಿಯಲ್ಲಿದ್ದ ಯಂತ್ರದೊಳಗೆ ಅನುವಾದಕಿ ಮೆತ್ತಗೆ ಹೇಳಿದ್ದು ಇಷ್ಟೇ: "ಪ್ರತಿನಿಧಿಗಳು ಕಳವಳ ವ್ಯಕ್ತಪಡಿಸುತ್ತಿದ್ದಾರೆ." ನಾನು ಯಂತ್ರ ತೆಗೆದಿಟ್ಟೆ. ಆ ದನಿ ನನಗೆ ತೀರ ಪರಿಚಿತವಾಗಿತ್ತು. ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ನಮ್ಮ ಠರಾವನ್ನು ಪರದೆಯ ಮೇಲೆ ತೋರಿಸಿದರು. ನೆರೆಯ ಬಗ್ಗೆ ಕೂಡ ಹಳ್ಳಿಯ ಹೆಂಗಸರು ಕೇಳಿದ್ದಾರೆ, ಅವರಿಗೆ ಸಮಾಧಾನವೂ ಆಗಿದೆ ಎಂದು ಜನ ಚಪ್ಪಾಳೆ ತಟ್ಟಿದರು.

ಊರಿಗೆ ಬಂದ ಮೇಲೆ ಹುಡುಕಿದೆ. ಜುಗೂಳದ ಮತದಾರರ ಪಟ್ಟಿಯಲ್ಲಿ ಆ ಹೆಸರಿಲ್ಲ. ಹಣಬರ ಮನೆಗಳಲ್ಲಿ ಕೇಳಿದೆ, ಶೇಡಬಾಳದಲ್ಲಿ ಕೇಳಿದೆ, ಕುಡಚಿಯ ತನಕ ಹೋದೆ. ಸತ್ಯಪ್ಪಗಳು ಇದ್ದರು, ಗಂಗವ್ವಗಳೂ ಇದ್ದರು, ಅವರು ಗಂಡಹೆಂಡಿರಾಗಿರಲಿಲ್ಲ. ಸಾಹೇಬರಿಗೆ ಫೋನ್ ಮಾಡಿದರೆ, ಎಷ್ಟೋ ಊರು, ಎಷ್ಟೋ ಸಭೆ, ನೆನಪಿಲ್ಲ ಎಂದರು. ಸಭೆಯ ಹಾಜರಿಯ ಜೆರಾಕ್ಸ್ ನನ್ನ ಹತ್ತಿರ ಇದೆ. ಅದರಲ್ಲಿ ನಾನೇ ಬರೆದ ಗಂಗವ್ವನ ಹೆಸರಿನ ಮುಂದೆ ಒಂದು ಹೆಬ್ಬೆಟ್ಟಿನ ಗುರುತು ಇದೆ. ಖಾಲಿ ಉಳಿದ ಸಾಲುಗಳಿಗೆ ಆಫೀಸಿನಲ್ಲಿ ನಾವೇ ಹೆಬ್ಬೆಟ್ಟು ಒತ್ತುವುದಿತ್ತು. ಅದನ್ನೂ ಮುಚ್ಚಿಡುವುದಿಲ್ಲ. ನನ್ನ ಹೆಬ್ಬೆಟ್ಟನ್ನು ಪಕ್ಕದಲ್ಲಿಟ್ಟು ಹೋಲಿಸಿದ್ದೇನೆ. ಜೆರಾಕ್ಸಿನಲ್ಲಿ ಗೆರೆಗಳು ಕಲಸಿಹೋಗಿವೆ, ನನ್ನದೆನ್ನಲೂ ಆಗದು, ಅಲ್ಲವೆನ್ನಲೂ ಆಗದು.

2019ರ ಆಗಸ್ಟಿನಲ್ಲಿ ಹೊಳೆ ಬಂತು. ಅತ್ತೆಯ ಟಾಕಿಯೊಳಗೆ ಕುತ್ತಿಗೆ ತನಕ ಕೆಸರು ತುಂಬಿ ಗುಮ್ಮಟ ಸೀಳಿತು. ಓಣಿಯ ಒಂದು ಟಾಕಿಯೂ ಉಳಿಯಲಿಲ್ಲ. ಹತ್ತು ವರ್ಷ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಕಂಪನಿಯ ಕಾಗದದಲ್ಲಿ ಮಾತ್ರ ಅವು ಆ ವರ್ಷವೂ ಉರಿದವು. ನಾನು ಆ ಹೊತ್ತಿಗೆ ಕೆಲಸ ಬಿಟ್ಟಿದ್ದೆ. ಬಿಟ್ಟದ್ದು ಪಶ್ಚಾತ್ತಾಪದಿಂದಲ್ಲ, ಬೇರೆ ಕಡೆ ಹೆಚ್ಚು ಪಗಾರ ಸಿಕ್ಕಿದ್ದರಿಂದ.

ನೀರು ಇಳಿದ ಮೇಲೆ ಜುಗೂಳಕ್ಕೆ ಹೋದೆ. ಅತ್ತೆ ಅಂಗಳದಲ್ಲಿ ಉಳಿದ ಎರಡು ಎಮ್ಮೆಗಳ ಮೈಯ ಕೆಸರು ತಿಕ್ಕುತ್ತಿದ್ದಳು. ಎಂಟು ವರ್ಷ ಕೇಳಲಾರದ್ದನ್ನು ಕೇಳಿದೆ: "ಅತ್ತಿ, ಸಭಾದಾಗ ನಿನ್ನ ಬಾಜೂಕ ಎದ್ದು ನಿಂತು ನೀರಿನ ಮಾತು ಕೇಳಿದಾಕಿ ಯಾರು?"

"ನನ್ನ ಬಾಜೂಕ ಯಾರು ಎದ್ದಿದ್ರು? ನೀರಿನ ಮಾತು ಯಾರೂ ತಗೀಲಿಲ್ಲ."

"ಗಂಗವ್ವ ಅಂತ…"

"ಯಾವ ಗಂಗವ್ವನೂ ಇರಲಿಲ್ಲವ್ವಾ. ಬೀಡಿ ಮಾತಿಗೆ ನಗಾಕತ್ತಿದ್ವಿ. ನೀನ ಒಮ್ಮಿಗೆಲೆ ಸಾಹೇಬ್ರ ಕಡೆ ತಿರುಗಿ ಮರಾಠಿಯೊಳಗ, ಆಕಿಗೆ ಸಮಾಧಾನ ಆತು ಅಂದಿ. ಯಾವಾಕಿಗೆ ಅಂತ ನಾವು ಮಾರಿ ಮಾರಿ ನೋಡಿಕೊಂಡ್ವಿ."

ಅತ್ತೆ ಸುಳ್ಳು ಹೇಳುವವಳಲ್ಲ. ಆಕೆಯ ನೆನಪು ನನ್ನದಕ್ಕಿಂತ ಗಟ್ಟಿ. ಹಾಗಾದರೆ ನಾನು ಯಾರ ಮಾತನ್ನು ತಿರುಚಿ ಹೇಳಿದೆ? ಆ ಹೆಂಗಸು ನನಗೊಬ್ಬಳಿಗೇ ಕಂಡಳೇ? ಅಥವಾ ಸಭೆಗೆ ಯಾರೂ ತಾರದ ಪ್ರಶ್ನೆಯನ್ನು ನಾನೇ ಹೊತ್ತು ತಂದಿದ್ದೆನೇ? ನನಗೆ ಇಂದಿಗೂ ಗೊತ್ತಿಲ್ಲ. ಅವತ್ತು ಅಂಗಳದಲ್ಲಿ ಇದಾವುದನ್ನೂ ಕೇಳಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ.

"ನಾ ಸುಳ್ಳು ಹೇಳಾಕತ್ತೀನಿ ಅಂತ ನಿನಗ ಆಗಲೇ ತಿಳದಿತ್ತಲ್ಲ, ಅತ್ತಿ. ತಿಳದೂ ತಿಳದೂ ಯಾಕ ಹೆಬ್ಬಟ್ಟು ಒತ್ತಿದಿ?"