ಎಲ್ಲಿಗೆ ಹೊರಟಿರಿ ಎಂದು ಕೇಳುವ ಊರು

ನಮ್ಮ ಮನೆಗೆ ಕಿಟಕಿಗಳೇ ಇಲ್ಲ. ಗುಡ್ಡದ ಹೊಟ್ಟೆಯೊಳಗೆ ಕೊರೆದ ಮನೆ ಅದು. ಮುಂಬಾಗಿಲು ಮಾತ್ರ ಲೋಕಕ್ಕೆ ಕಾಣುತ್ತದೆ, ಉಳಿದದ್ದೆಲ್ಲ ಕಲ್ಲು. ಬೀಗದ ಕೈ ಕೊಡಲು ಬಂದ ಮಾಲೀಕನ ಹತ್ತಿರ ‘ದೇವರಿಗೊಂದು ಚಿಕ್ಕ ಕೋಣೆ ಇದ್ದಿದ್ದರೆ ಚೆನ್ನಾಗಿತ್ತು’ ಎಂದೆ. ಅವನು ಜೀಪಿನಿಂದ ಡ್ರಿಲ್ ಯಂತ್ರ ತಂದು ನನ್ನ ಗಂಡ ಗಿರೀಶನ ಕೈಗಿಟ್ಟ. ‘ಎಷ್ಟು ಬೇಕೋ ಅಷ್ಟು ಕೊರೆದುಕೊಳ್ಳಿ. ಎಡಗಡೆ ಮಾತ್ರ ಬೇಡ, ಆ ಕಡೆ ಪಕ್ಕದವರ ಬಾತ್‌ರೂಮ್ ಇದೆ.’

ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಎರಡು ವರ್ಷ, ಮೆಲ್ಬರ್ನ್‌ನ ಕ್ರೇಗಿಬರ್ನ್‌ನಲ್ಲಿ ಮೂರು ವರ್ಷ ಇದ್ದು, ಆಮೇಲೆ ಈ ಮರುಭೂಮಿಗೆ ಬಂದವರು ನಾವು. ಒಳನಾಡಿನಲ್ಲಿ ದುಡಿದರೆ ಪಿಆರ್, ಅಂದರೆ ಈ ದೇಶದಲ್ಲಿ ಕಾಯಂ ಇರುವ ಪರವಾನಗಿ, ಬೇಗ ಸಿಗುತ್ತದೆ ಎಂದು ಯಾರೋ ಹೇಳಿದರು. ಗಿರೀಶನಿಗೆ ಗಣಿಯಲ್ಲಿ ಎಲೆಕ್ಟ್ರಿಕಲ್ ಕೆಲಸ ಸಿಕ್ಕಿತು, ನನಗೆ ಶಾಲೆಯಲ್ಲಿ ವಿಜ್ಞಾನ ಪಾಠ. ಊರೆಂದರೆ ನಾಲ್ಕು ಬೀದಿ, ಹೊರಗೆ ಹೋಗಲು ಮೂರು ರಸ್ತೆ, ಎಣಿಸಲಾಗದಷ್ಟು ನೊಣ.

ಈಗ ಕ್ರೇಗಿಬರ್ನ್‌ನ ಗೆಳತಿ, ಮಂಗಳೂರಿನ ಲವೀನಾ, ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ. ಅವಳ ಗಂಡನಿಗೂ ಮರುಭೂಮಿಯ ಹುಚ್ಚು ಹಿಡಿದಿದೆ. ‘ಎಂತ ಮಾರಾಯ್ತಿ, ಒಂದು ಲಿಸ್ಟ್ ಮಾಡಿ ಕಳ್ಸು. ಎಡಗಡೆ ಒಳ್ಳೇದು, ಬಲಗಡೆ ಕೆಟ್ಟದ್ದು.’

ಪ್ರಯತ್ನಿಸಿದೆ. ಹೊರಗೆ ನಲವತ್ತನಾಲ್ಕು ಡಿಗ್ರಿ ಇದ್ದರೂ ಗುಹೆಯೊಳಗೆ ತಣ್ಣಗಿರುತ್ತದೆ, ಎಸಿ ಬೇಡ, ಇದು ಎಡಗಡೆ. ಆದರೆ ಬೆಳಗಾಗಿದೆಯೋ ಇಲ್ಲವೋ ತಿಳಿಯಲು ಎದ್ದುಹೋಗಿ ಬಾಗಿಲು ತೆಗೆಯಬೇಕು, ಇದು ಬಲಗಡೆ. ಕ್ರೇಗಿಬರ್ನ್‌ನಲ್ಲಿ ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದರ ಮೇಲೆ ಬೇಳೆಯೋ ರಾಜ್ಮಾವೋ ಎಂದು ಹೇಳುತ್ತಿದ್ದೆ. ಇಲ್ಲಿನ ಮೌನ ಎಷ್ಟು ದಪ್ಪವೆಂದರೆ, ಜೊತೆಗಿರಲಿ ಎಂದು ನಮ್ಮದೇ ಕುಕ್ಕರ್ ಇಟ್ಟ ದಿನಗಳಿವೆ. ಅದನ್ನು ಯಾವ ಕಡೆ ಬರೆಯುವುದು? ಜೋಳದ ಹಿಟ್ಟು ಮೆಲ್ಬರ್ನ್‌ನಿಂದ ಪಾರ್ಸಲ್ ಬರಬೇಕು. ಬರುವಷ್ಟರಲ್ಲಿ ಅದರೊಳಗೆ ಸ್ವಲ್ಪ ಮರುಭೂಮಿಯೂ ಸೇರಿರುತ್ತದೆ. ನೊಣಗಳ ಕಾಟಕ್ಕೆ ತುಟಿ ಬಿಚ್ಚದೆ ಮಾತಾಡುವುದನ್ನು ಕಲಿತಿದ್ದೇವೆ. ಆಸ್ಟ್ರೇಲಿಯನ್ನರ ಇಂಗ್ಲಿಷ್ ಹಾಗಾಗಿದ್ದೇ ಇದರಿಂದ ಎಂಬುದು ಗಿರೀಶನ ಸಂಶೋಧನೆ.

ಪಟ್ಟಿ ಅಷ್ಟಕ್ಕೇ ನಿಂತಿದೆ. ಬರೆಯಲು ಕುಳಿತಾಗಲೆಲ್ಲ ಆ ಭಾನುವಾರ ಬಂದು ಎದುರಿಗೆ ಕೂರುತ್ತದೆ.

ಊರಿನ ಏಕೈಕ ಪೆಟ್ರೋಲ್ ಬಂಕನ್ನು ಡಾಟ್ ಎಂಬ ಮುದುಕಿ ನಡೆಸುತ್ತಾಳೆ. ಅವಳ ಕೌಂಟರಿನ ಹಿಂದೆ ಒಂದು ಕರಿಹಲಗೆ. ಊರು ಬಿಟ್ಟು ಹೋಗುವ ಯಾರೇ ಆದರೂ ಡಾಟ್ ಕೇಳುತ್ತಾಳೆ: ‘ಎಲ್ಲಿಗೆ ಹೊರಟೆ, ಲವ್? ಯಾವ ದಾರಿ? ಎಷ್ಟು ಹೊತ್ತಿಗೆ ವಾಪಸ್?’ (ಇಲ್ಲಿ ‘ಲವ್’ ಎಂದರೆ ಪ್ರೇಮವಲ್ಲ, ನಮ್ಮ ‘ತಂಗಿ’ ಇದ್ದ ಹಾಗೆ.) ಉತ್ತರವನ್ನು ಹಲಗೆಯ ಮೇಲೆ ಬರೆಯುತ್ತಾಳೆ. ಹೇಳಿದ ಹೊತ್ತಿಗೆ ಬಾರದಿದ್ದರೆ ಹುಡುಕಲು ಗಾಡಿ ಹೊರಡುತ್ತದೆ.

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು ಎಂದು ಕಲಿತು ಬೆಳೆದವರು ನಾವು. ಕೇಳಲೇಬೇಕಾದರೆ ‘ದೂರ ಹೊಂಟೀರೇನು?’ ಎನ್ನಬೇಕು. ಹುಬ್ಬಳ್ಳಿಯಿಂದ ಎರಡು ತಿಂಗಳಿಗೆಂದು ಬಂದಿದ್ದ ನಮ್ಮತ್ತೆ, ಡಾಟ್‌ಳ ಪ್ರಶ್ನೆಯನ್ನು ಗಿರೀಶ ಅನುವಾದಿಸಿದ ಮೊದಲ ದಿನವೇ ಕೆಂಡವಾದರು.

‘ಹೊಂಟ ಮಂದೀನ ಎಲ್ಲಿಗೆ ಅಂತ ಕೇಳ್ತಾಳಲ್ಲ, ಈಕಿಗೆ ಹಿರೇರು ಯಾರೂ ಇದ್ದಿದ್ದಿಲ್ಲೇನು? ನಡೀರಿ ಮನಿಗೆ. ಕೂತು, ನೀರು ಕುಡದು, ಆಮ್ಯಾಲೆ ಹೊಂಡೋಣು.’

‘ಅವ್ವಾ, ಆಕಿ ನಮ್ಮ ಸಲುವಾಗೇ ಕೇಳೂದು.’

‘ನಮ್ಮ ಸಲುವಾಗಿ ಬಾಯಿ ಮುಚ್ಚಿಕೊಂಡಿರ್ಲಿ.’

ಮನೆಗೆ ಹೋದೆವು, ಕುಳಿತೆವು, ನೀರು ಕುಡಿದೆವು, ಮತ್ತೆ ಹೊರಟೆವು. ಬಂಕ್ ದಾಟುವಾಗ ಡಾಟ್ ಹೊರಗೆ ಓಡಿಬಂದು ಕೂಗಿದಳು: ‘ಮತ್ತೆ ಎಲ್ಲಿಗೆ?’ ಆ ದಿನ ನಾವು ಎಲ್ಲಿಗೂ ಹೋಗಲಿಲ್ಲ.

ಹಾಗಾಗಿ ಆ ಭಾನುವಾರ ಅತ್ತೆಗೆ ಉಪ್ಪಿನ ಕೆರೆ ತೋರಿಸಲು ಹೊರಟಾಗ ಗಿರೀಶ ಬುದ್ಧಿವಂತನಾದ. ಟ್ಯಾಂಕ್ ತುಂಬಿಸಿ, ಡಾಟ್ ಬಾಯಿ ತೆರೆಯುವ ಮೊದಲೇ ‘ಇಲ್ಲೇ, ಊರೊಳಗೆ ಒಂದು ಸುತ್ತು’ ಎಂದುಬಿಟ್ಟ. ಡಾಟ್ ಹಾಗೆಯೇ ಬರೆದಳು. ಹಲಗೆ ನನಗೆ ಕಾಣುತ್ತಿತ್ತು. ಧಾರವಾಡದಲ್ಲಿ ಫಿಜಿಕ್ಸ್ ಎಂಎಸ್ಸಿ ಮಾಡಿದವಳು ನಾನು. ಶಾಲೆಯಲ್ಲಿ ಮಕ್ಕಳಿಗೆ, ಬಿಸಿಲಲ್ಲಿ ದೇಹ ಎಷ್ಟು ಬೇಗ ನೀರು ಕಳೆದುಕೊಳ್ಳುತ್ತದೆ ಎಂದು ಪಾಠ ಹೇಳುವವಳು. ‘ಉಪ್ಪಿನ ಕೆರೆ’ ಎಂದು ಎರಡು ಪದ ಹೇಳಿದ್ದರೆ ಸಾಕಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದರು. ಬೆಳಗಿನ ಹೊತ್ತು ಜಗಳ ಯಾಕೆಂದು ಸುಮ್ಮನಿದ್ದೆ. ಈಗಲೂ ಕೈತೊಳೆಯುವಾಗ, ಪಾಠದ ನಡುವೆ, ಆ ಎರಡು ಪದ ಬಾಯಿಗೆ ಬರುತ್ತವೆ.

ಹತ್ತು ಗಂಟೆಗೆ, ಊರಿನಿಂದ ಎಂಬತ್ತು ಕಿಲೋಮೀಟರ್ ದೂರದ ಒಂದು ಕವಲುದಾರಿಯಲ್ಲಿ, ಗಾಡಿ ಚಕ್ರದ ಅಚ್ಚಿನವರೆಗೆ ಮರಳಲ್ಲಿ ಕುಳಿತಿತು. ಫೋನಿಗೆ ಸಿಗ್ನಲ್ ಇಲ್ಲ. ಮರ ಇಲ್ಲ. ನಾಲ್ಕು ಲೀಟರ್ ನೀರು, ಮತ್ತೆ ಅತ್ತೆಯ ಚೀಲದಲ್ಲಿ ಚಕ್ಕುಲಿ, ಶೇಂಗಾ ಚಟ್ನಿಪುಡಿ, ಮಾವಿನಕಾಯಿ ಉಪ್ಪಿನಕಾಯಿ, ಶೇಂಗಾ ಹೋಳಿಗೆ. ಬಾಯಾರಿಕೆ ಹೆಚ್ಚಿಸಲು ಬೇಕಾದದ್ದೆಲ್ಲ ನಮ್ಮಲ್ಲಿತ್ತು.

ಒಂದು ಗಂಟೆ ಅಗೆದೆವು. ಅಗೆದಷ್ಟೂ ಮರಳು ವಾಪಸ್ ಬಂತು. ಕೊನೆಗೆ ಗಿರೀಶ ಟೋಪಿ ಹಾಕಿಕೊಂಡು ಎದ್ದ.

‘ಮೂರು ತಾಸು ನಡದ್ರ ಮೇನ್ ರೋಡ್ ಸಿಗ್ತದ. ನಾ ಹೋಗಿ ಯಾರನ್ನಾದ್ರೂ ಕರಕೊಂಡು ಬರ್ತೀನಿ.’

‘ಗಾಡಿ ಬಿಟ್ಟು ಹೋಗಬಾರ್ದು ಅಂತ ಡಾಟ್ ಹೇಳ್ಯಾಳ. ಗಾಡಿ ಕಾಣ್ತದ, ಮನುಷ್ಯ ಕಾಣಂಗಿಲ್ಲ.’

‘ಕಾಣಬೇಕಂದ್ರ ಹುಡುಕಬೇಕಲ್ಲ? ಆಕಿ ಹಲಿಗಿ ಮ್ಯಾಲೆ ನಾವು ಊರೊಳಗ ಅದೀವಿ!’

ಅವನು ನೀರಿನ ಸಣ್ಣ ಬಾಟಲಿ ಹಿಡಿದು ಹೊರಟ. ನಾನು ಅವನ ಅಂಗಿ ಹಿಡಿದೆ, ಬಿಡಿಸಿಕೊಂಡ. ಹತ್ತು ಹೆಜ್ಜೆ ಹೋಗಿರಬೇಕು. ಗಾಡಿಯ ನೆರಳಿನಲ್ಲಿ ಕುಳಿತಿದ್ದ ಅತ್ತೆ ಗಂಟಲು ಸರಿಮಾಡಿಕೊಂಡರು.

‘ಗಿರ್ಯಾ, ಎಲ್ಲಿಗೆ ಹೊಂಟಿ?’

ಅವನು ನಿಂತಲ್ಲೇ ನಿಂತ. ‘ಅವ್ವಾ! ನೀನ ಕೇಳಿದೇನು?’

‘ಹೂಂ, ಕೇಳಿದೆ. ಅಪಶಕುನ ಆತು. ಬಾ, ಕೂಡು, ನೀರು ಕುಡಿ.’

ಮೂವತ್ತೇಳು ವರ್ಷದ ಇಂಜಿನಿಯರ್ ಬಂದು ಕುಳಿತ, ನೀರು ಕುಡಿದ. ಅರ್ಧ ಗಂಟೆಗೆ ಮತ್ತೆ ಎದ್ದ. ಅತ್ತೆ ಮತ್ತೆ ಕೇಳಿದರು. ಹೀಗೆ ಆರು ಸಲ. ಕೊನೆಯ ಸಲ ಅವನು ಅಳುಮುಖ ಮಾಡಿ ‘ಕೇಳಬ್ಯಾಡವ್ವಾ’ ಎಂದು ಬೇಡಿಕೊಂಡ. ‘ಎದ್ರ ಕೇಳ್ತೀನಿ,’ ಎಂದರು ಅವರು. ಆ ಹೊತ್ತಿಗೆ ಅವರ ತುಟಿ ಒಡೆದಿತ್ತು. ತಮ್ಮ ಪಾಲಿನ ನೀರನ್ನು ಅವರು ಕುಡಿಯುತ್ತಲೇ ಇರಲಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ.

ಸಂಜೆ ಐದರ ಸುಮಾರಿಗೆ ಧೂಳು ಕಾಣಿಸಿತು. ಧೂಳಿನೊಳಗಿಂದ ಬ್ಯಾರಿ ಎಂಬ ಗಡ್ಡದ ಗಣಿಗಾರ ಇಳಿದ. ನಮ್ಮನ್ನು ಮಾತಾಡಿಸುವ ಮೊದಲು ಮರಳಿನ ಮೇಲಿನ ಹೆಜ್ಜೆಗಳನ್ನು ನೋಡಿದ. ಎಲ್ಲವೂ ಸ್ವಲ್ಪ ದೂರ ಹೋಗಿ ತಿರುಗಿ ಬಂದಿದ್ದವು.

‘ಇವನನ್ನು ಯಾರು ತಡೆದರು?’

ನಾನು ಅತ್ತೆಯ ಕಡೆ ಕೈ ತೋರಿಸಿದೆ. ಬ್ಯಾರಿ ಟೋಪಿ ತೆಗೆದ. ‘ಒಳ್ಳೆಯದಾಯಿತು. ಎಷ್ಟೋ ಸಲ ನನಗೆ ಗಾಡಿ ಮೊದಲು ಸಿಗುತ್ತದೆ, ಮನುಷ್ಯ ಆಮೇಲೆ.’ ಗಿರೀಶ ಇದನ್ನು ಅವ್ವನಿಗೆ ಅನುವಾದಿಸಲಿಲ್ಲ. ಅವರು ಬ್ಯಾರಿಗೆ ಒಂದು ಶೇಂಗಾ ಹೋಳಿಗೆ ಕೊಟ್ಟರು, ಇನ್ನೊಂದನ್ನು ಅವನ ಜೇಬಿಗೆ ತುರುಕಿದರು.

ಡಾಟ್ ಬೈಯಲಿಲ್ಲ. ಮಧ್ಯಾಹ್ನ ನಾಲ್ಕೂ ಬೀದಿಗಳಲ್ಲಿ ನಮ್ಮ ಗಾಡಿ ಹುಡುಕಿದ್ದಳಂತೆ. ಅದಕ್ಕೆ ಎಂಟು ನಿಮಿಷ ಹಿಡಿಯಿತಂತೆ. ‘ನಡೆದೇ ಮುಗಿಸಬಹುದಾದ ಊರು ಸುತ್ತಲು ಯಾರೂ ಟ್ಯಾಂಕ್ ತುಂಬಿಸುವುದಿಲ್ಲ, ಲವ್. ಇರುವುದು ಮೂರು ರಸ್ತೆ. ಮೂರಕ್ಕೂ ಒಂದೊಂದು ಗಾಡಿ ಕಳಿಸಿದೆ.’ ಒಂದು ಸುಳ್ಳಿಗಾಗಿ ಮೂರು ಗಾಡಿಯ ಜನ ಭಾನುವಾರದ ಊಟ ಬಿಟ್ಟು ಬಿಸಿಲಿಗಿಳಿದಿದ್ದರು.

ಅತ್ತೆ ಹುಬ್ಬಳ್ಳಿಗೆ ಮರಳಿದರು. ಪಿಆರ್ ಬಂತು. ಗಿರೀಶನಿಗೆ ಮೆಲ್ಬರ್ನ್‌ನಲ್ಲಿ ಕೆಲಸವೂ ಸಿಕ್ಕಿತು. ‘ಇನ್ನು ಸಾಕು, ನಿನಗ ನಿದ್ದಿ ಇಲ್ಲದಂಗಾಗೇದ,’ ಎಂದ. ನಿಜವೇ, ಆ ಭಾನುವಾರದಿಂದಲೂ. ಕಳೆದ ಶನಿವಾರ, ಬಂಕಿನ ಮುಂದೆ ಹಾಯದೆ ವಿಮಾನದಲ್ಲಿ ಬಂದು, ಕ್ರೇಗಿಬರ್ನ್‌ನಲ್ಲಿ ಒಂದು ಬಾಡಿಗೆ ಮನೆ ನೋಡಲು ಸರದಿಯಲ್ಲಿ ನಿಂತಿದ್ದೆವು. ಮುಂದೆ ಇಪ್ಪತ್ತು ಜನ, ಹಿಂದೆ ಇಪ್ಪತ್ತು ಜನ. ಜೊತೆಗೆ ಬಂದಿದ್ದ ಲವೀನಾ ಪಿಸುಗುಟ್ಟಿದಳು: ‘ಸ್ವಲ್ಪ ನಗು ಮಾರಾಯ್ತಿ, ಏಜೆಂಟ್ ನೋಡ್ತಿದ್ದಾನೆ.’

ಆಗಲೇ ಡಾಟ್ ಫೋನ್ ಮಾಡಿದಳು. ಯಾರೋ ಇಬ್ಬರು ಪ್ರವಾಸಿಗರು ಉಪ್ಪಿನ ಕೆರೆಯ ದಾರಿಯಿಂದ ವಾಪಸ್ ಬಂದಿಲ್ಲ. ‘ಆ ಕವಲು ನಿಮಗೆ ಗೊತ್ತು. ಗಾಡಿ ತೆಗೆಯುತ್ತೀರಾ?’

‘ನಾವು ಮೆಲ್ಬರ್ನ್‌ನಲ್ಲಿದ್ದೇವೆ, ಡಾಟ್.’

‘ಓ,’ ಎಂದಳು. ‘ಸರಿ, ಲವ್.’

ಆ ಮನೆಯ ಅಡುಗೆಮನೆ ಹೇಗಿತ್ತು ಎಂದು ಈಗ ಕೇಳಿದರೆ ಹೇಳಲಾರೆ. ಕಿಟಕಿಗಳು ಬಹಳ ಇದ್ದವು, ಪ್ರತಿ ಕಿಟಕಿಯ ಬಳಿಯೂ ನಿಂತು ನಾನು ಫೋನನ್ನೇ ನೋಡಿದೆ. ಒಂದು ಗಂಟೆಯ ಮೇಲೆ ಮೆಸೇಜ್ ಬಂತು: ಸಿಕ್ಕರು, ಗಾಡಿಯ ಪಕ್ಕದಲ್ಲೇ ಕೂತಿದ್ದರು. ನನಗೆ ಅಳು ಬಂತು. ಮನೆ ಅಷ್ಟೊಂದು ಇಷ್ಟವಾಯಿತೆಂದು ಏಜೆಂಟ್ ತಿಳಿದುಕೊಂಡು, ಅಲ್ಲೇ ನನ್ನ ಫೋನಿನಲ್ಲಿ ಅರ್ಜಿ ತೆರೆದುಕೊಟ್ಟ.

ಹೆಸರು, ಕೆಲಸ, ಸಂಬಳ ಎಲ್ಲ ತುಂಬಿದೆ. ‘ಈಗಿನ ಮನೆ ಬಿಡಲು ಕಾರಣ’ ಎಂಬಲ್ಲಿ ನಿಂತೆ. ಖಾಲಿ ಬಿಟ್ಟು ‘ಮುಂದೆ’ ಒತ್ತಿದರೆ ಕೆಂಪು ಅಕ್ಷರದಲ್ಲಿ ಬೈದಿತು. ಗಿರೀಶ ಹೆಗಲ ಮೇಲಿಂದ ಇಣುಕಿ ನೋಡಿದ. ಕೊನೆಗೆ ‘ಇನ್ನೂ ಗೊತ್ತಾಗಿಲ್ಲ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ.

ಅರ್ಜಿ ಒಪ್ಪಿಕೊಂಡಿತು.